ಯಾರು ಬಂದಿದ್ದಾರೆ?

ನಮ್ಮೂರಲ್ಲಿ ವಯಸ್ಸಾದವರಿಗೆ ಸರ್ಪಸುತ್ತು ಆಯಿತೆಂದರೆ "ಹೇಗಿದ್ದಾರೆ?" ಅಂತ ಯಾರೂ ಕೇಳುವುದಿಲ್ಲ. "ಯಾರು ಬಂದಿದ್ದಾರೆ?" ಅಂತ ಕೇಳುತ್ತಾರೆ. ಬೇರೆ ಊರಿನಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳಿಗೆ ಮೊದಮೊದಲು ಇದು ವಿಚಿತ್ರ ಅನ್ನಿಸುತ್ತದೆ. ಮಾವನವರ ಸೊಂಟದ ಸುತ್ತ ಗುಳ್ಳೆ ಎದ್ದು, ಮನುಷ್ಯ ಉರಿ ತಾಳಲಾರದೆ ಹಲ್ಲು ಕಚ್ಚಿಕೊಂಡು ಮಲಗಿರುವಾಗ, ಬೀದಿಯವರೆಲ್ಲ ಬಾಗಿಲಲ್ಲಿ ನಿಂತು ಮನೆಗೆ ನೆಂಟರು ಬಂದಿದ್ದಾರೇನೋ ಎಂಬಂತೆ ವಿಚಾರಿಸುತ್ತಾರಲ್ಲ ಅಂತ ಅವರು ಕಣ್ಣುಕಣ್ಣು ಬಿಡುತ್ತಾರೆ. ಒಂದೆರಡು ವರ್ಷ ಕಳೆಯುವುದರೊಳಗೆ ಅವರೂ ಹಾಗೇ ಕೇಳಲು ಶುರುಮಾಡುತ್ತಾರೆ.

ಸರ್ಪಸುತ್ತು ಹೊಸದಾಗಿ ಎಲ್ಲಿಂದಲೋ ಬರುವ ಕಾಯಿಲೆಯಲ್ಲ, ಇದು ಎಲ್ಲ ಡಾಕ್ಟರೂ ಹೇಳುವ ಮಾತೇ. ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ಆಗಿರುತ್ತದಲ್ಲ, ಅದು ಮೈಬಿಟ್ಟು ಪೂರ್ತಿ ಹೋಗುವುದಿಲ್ಲ. ನರದೊಳಗೆ ಎಲ್ಲೋ ಮುದುಡಿಕೊಂಡು ಮಲಗಿರುತ್ತದೆ. ಮನುಷ್ಯನಿಗೆ ವಯಸ್ಸಾಗಿ ಕಸುವು ಕಡಿಮೆಯಾದಾಗ ಎದ್ದು ಬರುತ್ತದೆ. ಬೇರೆ ಊರುಗಳಲ್ಲಿ ಅದೊಂದೇ ಬರುತ್ತದಂತೆ. ನಮ್ಮೂರಲ್ಲಿ ಅದರ ಜೊತೆಗೆ ಆ ದಿನಗಳೂ ಬರುತ್ತವೆ. ಚಿಕ್ಕವರಿದ್ದಾಗ ಬೇವಿನಸೊಪ್ಪು ಹಾಸಿದ ಚಾಪೆಯ ಮೇಲೆ ಮಲಗಿದ್ದ ದಿನಗಳು, ಮೊದಲ ಗುಳ್ಳೆಯಿಂದ ಹಿಡಿದು ಬೇವು ಅರಿಶಿನದ ನೀರು ಹುಯ್ಯುವವರೆಗೆ, ಒಂದಾದ ಮೇಲೊಂದು. ಆಗ ಪಕ್ಕದಲ್ಲಿ ಯಾರು ಕೂತಿದ್ದರೋ ಅವರು ಬಂದು ಮತ್ತೆ ಕೂರುತ್ತಾರೆ. ಮಲಗಿದವರಿಗೆ ಮಾತ್ರ ಕಾಣುತ್ತಾರೆ, ಮಲಗಿದವರಿಗೆ ಮಾತ್ರ ಅವರ ಮಾತು ಕೇಳಿಸುತ್ತದೆ.

ನಾವು ಇದಕ್ಕೆ ಹೊಂದಿಕೊಂಡುಬಿಟ್ಟಿದ್ದೇವೆ. ಯಾರ ಮನೆಯಲ್ಲಾದರೂ ದಿನಗಳು ಶುರುವಾದವು ಅಂದರೆ ಆ ಬೀದಿಯಲ್ಲಿ ಯಾರೂ ಒಗ್ಗರಣೆ ಹಾಕುವುದಿಲ್ಲ. ಅಕ್ಕಪಕ್ಕದವರು ಸರದಿಯ ಮೇಲೆ ಹೋಗಿ ಕೂತು, ಮಲಗಿದವರು ಕಂಡದ್ದನ್ನು ಹೇಳಿದರೆ ಕೇಳಿಸಿಕೊಳ್ಳುತ್ತಾರೆ. ಮೇಲಿನ ಬೀದಿಯ ಎರಡು ಮನೆಯವರು ಒಂದು ಮೋಟುಗೋಡೆಗಾಗಿ ತಲೆಮಾರಿನಿಂದ ಕಿತ್ತಾಡುತ್ತಿದ್ದರು. ಅವರಲ್ಲೊಬ್ಬ ಅಜ್ಜನಿಗೆ ಸರ್ಪಸುತ್ತಾಗಿ, ಆ ಗೋಡೆ ಇಬ್ಬರದ್ದೂ ಅಲ್ಲ, ಮಠದ್ದು ಅಂತ ಪಕ್ಕದಲ್ಲಿ ಬಂದು ಕೂತ ಅವರಜ್ಜಿಯ ಬಾಯಿಂದಲೇ ಗೊತ್ತಾಗಿ ಎರಡೂ ಮನೆಯವರು ಒಟ್ಟಿಗೆ ಮುಖ ಸಪ್ಪೆ ಮಾಡಿಕೊಂಡರು. ಸಂತೆಪೇಟೆ ಹೋಟೆಲಿನ ಚಟ್ನಿಗೆ ಈಗಿರುವ ರುಚಿ ಬಂದದ್ದೂ ಹೀಗೇ. ಯಜಮಾನರಿಗೆ ಚಿಕ್ಕಂದಿನಲ್ಲಿ ಸೀತಾಳೆ ಆಗಿದ್ದಾಗ ಅವರ ತಾಯಿ ಹಿತ್ತಲ ಒರಳಲ್ಲಿ ಉಳಿದ ಮಕ್ಕಳಿಗೆ ಚಟ್ನಿ ರುಬ್ಬುತ್ತಾ, ಇದಿಷ್ಟು ಅದಿಷ್ಟು ಅಂತ ತಮ್ಮಷ್ಟಕ್ಕೆ ಗೊಣಗಿಕೊಳ್ಳುತ್ತಿದ್ದುದನ್ನು, ಗಂಜಿ ಮಾತ್ರ ಕುಡಿಯಬೇಕಾಗಿದ್ದ ಮಗ ಒಳಗೆ ಮಲಗಿ ಆಸೆಯಿಂದ ಕೇಳಿಸಿಕೊಂಡಿದ್ದರಂತೆ. ಸರ್ಪಸುತ್ತಾದಾಗ ಆ ಗೊಣಗಾಟ ಮರಳಿ ಬಂತು. ಇನ್ನು ಸೀತಾಳೆಯೇ ಆಗದೆ ಬೆಳೆದವರನ್ನು ಕಂಡರೆ ನಾವು ಅಯ್ಯೋ ಪಾಪ ಅನ್ನುತ್ತೇವೆ. ಡಾಕ್ಟರು ಕೊಟ್ಟ ಮಾತ್ರೆ ನುಂಗಿದರೆ ಗುಳ್ಳೆಯ ಜೊತೆಗೆ ದಿನಗಳೂ ಬೇಗ ಮುಗಿದುಹೋಗುತ್ತವೆ ಅಂತ, ಮಾತ್ರೆಯನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡು ಸೊಸೆ ಆಚೆ ಹೋದ ಮೇಲೆ ಉಗುಳುವ ಮುದುಕರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ.

ನಾನು ಸುಗುಣ. ನಾನೂ ನಮ್ಮಕ್ಕ ದೇವೀರಮ್ಮನೂ ಈ ಊರಿನ ಟೈಲರುಗಳು. ಅಕ್ಕ ಕತ್ತರಿಸಿ ಹೊಲಿಯುತ್ತಾಳೆ. ಕಾಜಾ, ಗುಂಡಿ, ಹುಕ್ಕು, ಅಂಚಿನ ಕೈಹೊಲಿಗೆ ಇವೆಲ್ಲ ನನ್ನದು. ಅಕ್ಕ ಮದುವೆಯಾಗಲಿಲ್ಲ. ನಾನು ಆದೆ, ಗಂಡ ತೀರಿಕೊಂಡ ಮೇಲೆ ಅಕ್ಕನ ಹತ್ತಿರವೇ ವಾಪಸು ಬಂದೆ. ರವಿಕೆ, ಲಂಗ, ಶಾಲೆ ಮಕ್ಕಳ ಸಮವಸ್ತ್ರ ಎಲ್ಲ ಊರಿನ ಟೈಲರುಗಳೂ ಹೊಲಿಯುವಂಥದ್ದೇ. ನಮ್ಮಲ್ಲಿ ಇನ್ನೊಂದು ಬಟ್ಟೆ ಇದೆ, ಒಂದು ಪಕ್ಕದ ಅಂಗಿ. ದಿನಗಳು ಮುಗಿದು, ಬಂದವರು ಹೋದ ಮೇಲೂ ಕೆಲವರಿಗೆ ನೋವು ಉಳಿದುಬಿಡುತ್ತದೆ. ಗುಳ್ಳೆ ಒಣಗಿರುತ್ತದೆ, ಚರ್ಮದ ಮೇಲೆ ಕಲೆ ಬಿಟ್ಟರೆ ಏನೂ ಕಾಣುವುದಿಲ್ಲ, ಆದರೆ ಬಟ್ಟೆಯ ಅಂಚು ಸೋಕಿದರೂ ಕೆಂಡ ಇಟ್ಟ ಹಾಗಾಗುತ್ತದೆ. ತಿಂಗಳುಗಟ್ಟಲೆ, ಒಬ್ಬೊಬ್ಬರಿಗೆ ವರ್ಷಗಟ್ಟಲೆ. ಅಂಥವರಿಗೆ ಅಕ್ಕ ಹಳೇ ಪಂಚೆಯ ಮೆತ್ತನೆ ಬಟ್ಟೆಯಲ್ಲಿ ಅಂಗಿ ಹೊಲಿಯುತ್ತಾಳೆ. ನೋವಿರುವ ಕಡೆ ಪೂರ್ತಿ ತೆರೆದಿರುತ್ತದೆ, ಹೆಗಲ ಮೇಲೆ ಒಂದು ಲಾಡಿ ಅಷ್ಟೇ. ಅಂಥ ಅಂಗಿ ತೊಟ್ಟವರು ಬೀದಿಯಲ್ಲಿ ಎದುರಾದರೆ ಜನ ಮೈ ತಾಕದಂತೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ.

ಅಕ್ಕನಿಗೆ ಸೀತಾಳೆ ಆದದ್ದು ಐದು ವರ್ಷದವಳಿದ್ದಾಗ. ಆಗ ನಾನು ಕೈಗೂಸು. ನನಗೆ ತಗಲಬಾರದು ಅಂತ ಪಕ್ಕದ ಮನೆಯವರ ಕೈಗೆ ಕೊಟ್ಟು, ಅಕ್ಕನ ಪಕ್ಕದಲ್ಲಿ ಅವ್ವ ಕೂತಿದ್ದಳು. ಅದೇ ವರ್ಷ ಅವ್ವ ಬೇರೆ ಯಾವುದೋ ಜ್ವರ ಬಂದು ತೀರಿಕೊಂಡಳು. ಅವಳ ಒಂದು ಫೋಟೋ ಇಲ್ಲ. ಅಪ್ಪ ಮಾತಾಡುವ ಪೈಕಿ ಆಗಿರಲಿಲ್ಲ. ನನಗೆ ಸುಗುಣ ಅಂತ ಹೆಸರಿಟ್ಟದ್ದೂ ಶಾಲೆಗೆ ಸೇರಿಸುವಾಗ ಮೇಷ್ಟರಂತೆ. ಅದಕ್ಕೆ ಮುಂಚೆ ಅವ್ವ ನನ್ನನ್ನು ಏನಂತ ಕರೆಯುತ್ತಿದ್ದಳು ಅಂತ ಹೇಳುವವರು ಯಾರೂ ಇಲ್ಲ. ಅವ್ವ ಅಂದರೆ ನನಗೆ ಅಕ್ಕ ಹೇಳಿದ್ದಷ್ಟೇ. ಚಿಕ್ಕವಳಿದ್ದಾಗಿನಿಂದ "ಅವ್ವ ಹೆಂಗಿದ್ದಳು ಹೇಳು" ಅಂತ ನಾನು ಅವಳ ಮಿಷನ್ನಿನ ಪಕ್ಕ ಕೂತು ಕೇಳುತ್ತಿದ್ದೆ, ಅಕ್ಕ ಪೆಡಲು ತುಳಿಯುತ್ತಲೇ ಹೇಳುತ್ತಿದ್ದಳು. ಅವ್ವನ ಕೆನ್ನೆಯ ಮೇಲೆ ಮಚ್ಚೆ ಇತ್ತು. ಅವ್ವ ರಾಗಿ ಬೀಸುವಾಗ ಹಾಡಿದರೆ ದಾರಿಯಲ್ಲಿ ಹೋಗುವವರು ನಿಲ್ಲುತ್ತಿದ್ದರು. ಅವ್ವನಿಗೆ ನಗು ಬಂದರೆ ಸೆರಗು ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು. ಮಚ್ಚೆ ಒಂದು ವರ್ಷ ಬಲಗೆನ್ನೆಯಲ್ಲಿದ್ದರೆ ಇನ್ನೊಂದು ವರ್ಷ ಎಡಗೆನ್ನೆಗೆ ಬರುತ್ತಿತ್ತು. ಸೀರೆ ಒಮ್ಮೆ ಬದನೆಕಾಯಿ ಬಣ್ಣ, ಒಮ್ಮೆ ಗಿಣಿಹಸಿರು. ನನಗೆ ಗೊತ್ತಾಗುತ್ತಿತ್ತು, ಆದರೆ ತಿದ್ದುತ್ತಿರಲಿಲ್ಲ. ತಿದ್ದಿದರೆ ಎಲ್ಲಿ ಹೇಳುವುದನ್ನೇ ನಿಲ್ಲಿಸಿಬಿಡುತ್ತಾಳೋ ಅನ್ನುವ ಹೆದರಿಕೆ.

ಹಾಗಾಗಿ ಅಕ್ಕನಿಗೆ ವಯಸ್ಸಾಗುತ್ತಾ ಬಂದಂತೆ, ಬಾಯಿಬಿಟ್ಟು ಹೇಳದಿದ್ದರೂ, ನಾವಿಬ್ಬರೂ ಒಂದನ್ನು ಕಾಯುತ್ತಿದ್ದೆವು. ಅವಳಿಗೆ ಸರ್ಪಸುತ್ತಾದರೆ ಅವ್ವ ಬರುತ್ತಾಳೆ. ಕಟ್ಟಿ ಹೇಳಿದ ಅವ್ವ ಅಲ್ಲ, ನಿಜವಾದವಳು.

ಹೋದ ಚಳಿಗಾಲದಲ್ಲಿ ನಮ್ಮ ಆಸ್ಪತ್ರೆಗೆ ಡಾಕ್ಟರ್ ಮುಮ್ತಾಜ್ ಅಂತ ಒಬ್ಬರು ಬಂದರು. ನಗುಮುಖದ ಹೆಂಗಸು, ಬಂದ ವಾರದಲ್ಲೇ ನಮ್ಮ ಅಂಗಡಿಗೆ ಚೂಡಿದಾರದ ಅಳತೆ ಕೊಡಲು ಬಂದು, ಗೂಟಕ್ಕೆ ನೇತುಹಾಕಿದ್ದ ಒಂದು ಪಕ್ಕದ ಅಂಗಿಗಳನ್ನು ನೋಡಿ ಇದೇನು ಅಂತ ಕೇಳಿದರು. ಅಕ್ಕ ಹೇಳಿದಳು. ಅವರು ಬಹಳ ಹೊತ್ತು ಒಂದು ಅಂಗಿಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ಸ್ವಲ್ಪ ದಿನ ಕಳೆದ ಮೇಲೆ ಶಾಲೆಯ ಹಜಾರದಲ್ಲಿ ವಯಸ್ಸಾದವರನ್ನೆಲ್ಲ ಸೇರಿಸಿ, ಸರ್ಪಸುತ್ತು ಬಾರದ ಹಾಗೆ ತಡೆಯುವ ಲಸಿಕೆ ತರಿಸಿದ್ದೇನೆ, ಐವತ್ತು ದಾಟಿದವರು ಹಾಕಿಸಿಕೊಳ್ಳಿ ಅಂದರು. ಎರಡು ಸೂಜಿ, ನಡುವೆ ಕೆಲವು ತಿಂಗಳು ಬಿಡಬೇಕು. ತೋಳು ನೋಯುತ್ತದೆ, ಒಂದೆರಡು ದಿನ ಜ್ವರ ಚಳಿ ಬರಬಹುದು, ಅದಕ್ಕೆ ಹೆದರಬೇಡಿ. ಹಾಕಿಸಿಕೊಂಡವರಲ್ಲಿ ಬಹುಪಾಲು ಜನಕ್ಕೆ ಸರ್ಪಸುತ್ತು ಬರುವುದಿಲ್ಲ, ಬಂದರೂ ಜೋರಾಗಿರುವುದಿಲ್ಲ.

ನಮ್ಮ ಎದುರುಮನೆಯ ಗುರುಶಾಂತಣ್ಣ, ಬಸ್ ಕಂಡಕ್ಟರಾಗಿ ರಿಟೈರಾದವರು, ಎದ್ದು ನಿಂತು ಎಲ್ಲರ ಹೊಟ್ಟೆಯಲ್ಲಿದ್ದುದನ್ನು ಕೇಳಿದರು. "ಡಾಕ್ಟ್ರಮ್ಮ, ಆಗ ಬರೋರು ಬರ್ತಾರೋ, ಬರೋದಿಲ್ಲವೋ?"

"ಬರೋದಿಲ್ಲ ಅಂತ ಕಾಣುತ್ತೆ," ಅಂದರು ಡಾಕ್ಟರು. "ಅವರು ಬರೋದು ಬೇಡ ಅಂತ ನಾನು ಹೇಳ್ತಿಲ್ಲ. ನಿಮಗೆ ಆ ನೋವು ಬೇಡ ಅಂತಿದ್ದೀನಿ. ಎರಡನ್ನೂ ಬೇರೆ ಬೇರೆ ಮಾಡೋ ಸೂಜಿ ಇದ್ದಿದ್ರೆ ಅದನ್ನೇ ತರ್ತಿದ್ದೆ."

ಊರು ಎರಡು ಪಾಲಾಯಿತು. ಮಿಲ್ಲಿನ ಚೌಡಮ್ಮ ಅಲ್ಲೇ ಸೆರಗು ಸರಿಸಿ ತೋಳು ಕೊಟ್ಟಳು. "ನನಗೆ ಸೀತಾಳೆ ಆದಾಗ ಪಕ್ಕದಲ್ಲಿ ಕೂತಿದ್ದವಳು ನಮ್ಮ ಸೋದರತ್ತೆ. ಆಮೇಲೆ ಅವಳ ಮಗನಿಗೇ ನನ್ನ ಕಟ್ಟಿದ್ರು. ಅವಳ ಕೈಲಿ ಒಂದು ಸಲ ಪಟ್ಟದ್ದೇ ಸಾಕು, ಚುಚ್ಚಿ ತಾಯಿ," ಅಂದಳು. ಎಲ್ಲರೂ ನಕ್ಕರು. ಆದರೆ ನಕ್ಕವರಲ್ಲಿ ಸುಮಾರು ಜನ ಮೆಲ್ಲಗೆ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋದರು. ಅಕ್ಕನೂ ಎದ್ದಳು. "ನನಗೆ ಬೇಡ" ಅಂದಳು ಅಷ್ಟೇ. ನನಗೆ ಸಂತೋಷವೇ ಆಯಿತು, ಸುಳ್ಳು ಯಾಕೆ ಹೇಳಲಿ.

ನಾನೂ ಹಾಕಿಸಿಕೊಳ್ಳಲಿಲ್ಲ. ನನ್ನ ಕಾರಣ ಬೇರೆ. ನನಗೆ ಸೀತಾಳೆ ಆದದ್ದು ಒಂಬತ್ತನೇ ವಯಸ್ಸಲ್ಲಿ. ಒಮ್ಮೆ ಆದವರಿಗೆ ಮತ್ತೆ ತಗಲುವುದಿಲ್ಲ ಅಂತ ನಮ್ಮಲ್ಲಿ ಆದವರೇ ಪಕ್ಕದಲ್ಲಿ ಕೂರುವ ಪದ್ಧತಿ. ಮನೆಯಲ್ಲಿ ಆಗಿದ್ದವಳು ಅಕ್ಕ ಒಬ್ಬಳೇ. ಅವಳಿಗಾಗ ಹದಿನಾಲ್ಕು, ಪರೀಕ್ಷೆ ಹತ್ತಿರ ಇತ್ತು. ಪುಸ್ತಕ ಎತ್ತಿಟ್ಟು ನನ್ನ ಪಕ್ಕ ಬಂದು ಕೂತಳು. ನಾನು ಗುಳ್ಳೆ ಕೆರೆದುಕೊಳ್ಳಬಾರದು ಅಂತ ಅಪ್ಪನ ಹಳೇ ಬನಿಯನ್ನು ಕತ್ತರಿಸಿ ನನ್ನ ಎರಡೂ ಕೈಗೆ ಪುಟ್ಟ ಚೀಲ ಹೊಲಿದು ಕಟ್ಟಿದಳು. ಅವಳು ಸೂಜಿ ಹಿಡಿದು ಹೊಲಿದ ಮೊದಲ ಬಟ್ಟೆ ಅದು. ಬೇವಿನ ಕಡ್ಡಿಯಿಂದ ಗಾಳಿ ಹಾಕುತ್ತಾ "ಗುಬ್ಬೀ, ಕೆರ್ಕೋಬೇಡ, ಗುಬ್ಬೀ, ಇನ್ನೊಂದು ಗುಟುಕು ಮಜ್ಜಿಗೆ" ಅನ್ನುತ್ತಿದ್ದಳು. ಆಮೇಲೆ ಅವಳು ಶಾಲೆಗೆ ಹೋಗಲಿಲ್ಲ, ನನ್ನನ್ನು ಗುಬ್ಬಿ ಅಂತ ಕರೆಯಲೂ ಇಲ್ಲ. ಮನೆ ಅವಳ ಹೆಗಲಿಗೆ ಬಂತು, ಮಾತು ಗಟ್ಟಿಯಾಯಿತು. ಅಕ್ಕ ನನಗಿಂತ ಐದು ವರ್ಷ ದೊಡ್ಡವಳು, ಮೊದಲು ಹೊರಡುವವಳು ಅವಳೇ ಇರಬೇಕು. ಅವಳು ಹೋದ ಮೇಲೆ ನನಗೆ ಸರ್ಪಸುತ್ತಾದರೆ, ಎರಡು ಜಡೆ ಹಾಕಿಕೊಂಡು ಬೇವಿನ ಕಡ್ಡಿ ಹಿಡಿದು ಅವಳೇ ಬಂದು ಕೂರುತ್ತಾಳಲ್ಲ. ಆ ಆಸೆಯನ್ನು ನಾನು ಯಾರಿಗೂ ಹೇಳಿರಲಿಲ್ಲ.

ಲಸಿಕೆಯ ಮಾತು ಇನ್ನೂ ಬಿಸಿಯಾಗಿರುವಾಗಲೇ ಗುರುಶಾಂತಣ್ಣನಿಗೆ ಎಡಪಕ್ಕೆಯಲ್ಲಿ ಗುಳ್ಳೆ ಎದ್ದಿತು. ಸರದಿಯಲ್ಲಿ ಮಧ್ಯಾಹ್ನದ ಹೊತ್ತು ಕೂರುವುದು ನನ್ನ ಪಾಲಿಗೆ ಬಂತು. ಬಂದಿದ್ದವನು ಅವರ ಅಣ್ಣ ನಂಜುಂಡ. ಅಣ್ಣತಮ್ಮ ಇಬ್ಬರಿಗೂ ಒಟ್ಟಿಗೆ ಸೀತಾಳೆಯಾಗಿ ಒಂದೇ ಚಾಪೆಯಲ್ಲಿ ಮಲಗಿದ್ದರಂತೆ. ಆಮೇಲೆ ಎರಡು ವರ್ಷಕ್ಕೆ ಆ ಹುಡುಗ ಕೆರೆಯಲ್ಲಿ ಮುಳುಗಿ ಹೋದ. ಈಗ ಬಂದು ಮತ್ತೆ ಪಕ್ಕದಲ್ಲಿ ಮಲಗಿದ್ದ. "ನೋಡಮ್ಮ ಸುಗುಣ, ನನಗಿಂತ ಅವನಿಗೇ ಗುಳ್ಳೆ ಜಾಸ್ತಿಯಂತೆ. ಹೊಟ್ಟೆ ತೋರಿಸಿ ಪಂದ್ಯ ಕಟ್ತಿದ್ದಾನೆ," ಅಂತ ಗುರುಶಾಂತಣ್ಣ ಮಗುವಿನ ಹಾಗೆ ನಗುತ್ತಿದ್ದರು. ನಕ್ಕರೆ ಪಕ್ಕೆ ಅಲ್ಲಾಡುತ್ತಿತ್ತು, ಪಕ್ಕೆ ಅಲ್ಲಾಡಿದರೆ ಕೂಗಿಕೊಳ್ಳುತ್ತಿದ್ದರು. ಆ ಕೂಗು ಕೇಳಲು ಆಗುತ್ತಿರಲಿಲ್ಲ. ಗುಳ್ಳೆ ಎದ್ದ ಕೂಡಲೇ ಶುರುಮಾಡಬೇಕು ಅಂತ ಡಾಕ್ಟರು ಕೊಟ್ಟಿದ್ದ ಮಾತ್ರೆಗಳು ದಿಂಬಿನ ಕೆಳಗೆ ಕರಗಿ ಅಂಟಿಕೊಂಡಿದ್ದವು. ನಾನು ಕಣ್ಣು ದೊಡ್ಡದು ಮಾಡಿದರೆ, "ಶಶಿಕಲಾಗೆ ಹೇಳಬೇಡಮ್ಮ. ನಮ್ಮಣ್ಣ ಹೊರಟೋಗ್ತಾನೆ," ಅಂತ ಅಂಗಲಾಚಿದರು. ಶಶಿಕಲಾ ಅವರ ಸೊಸೆ. ನಾನು ಹೇಳಿದೆ, ಅವಳು ಬೈದಳು, ಇವರು ಅತ್ತರು. ಆದರೆ ಅಷ್ಟರಲ್ಲಿ ಹೊತ್ತು ಮೀರಿತ್ತು.

ನೀರು ಹುಯ್ಯುವ ದಿನ ಅಣ್ಣ ಮೊದಲು ಮಿಂದು, ತಲೆ ಒರೆಸಿಕೊಳ್ಳುವ ವ್ಯವಧಾನವೂ ಇಲ್ಲದೆ ಬೀದಿಗೆ ಓಡಿಹೋದನಂತೆ. ತಿರುಗಿ ನೋಡಲಿಲ್ಲ ಅಂದರು ಗುರುಶಾಂತಣ್ಣ. ನೋವು ಮಾತ್ರ ಹೋಗಲಿಲ್ಲ. ತಿಂಗಳಾಯಿತು, ಎರಡು ತಿಂಗಳಾಯಿತು. ಬಸ್ಸಿನ ನೂಕುನುಗ್ಗಲಲ್ಲಿ ಮೂವತ್ತು ವರ್ಷ ನಿಂತು ಟಿಕೆಟ್ ಹರಿದ ಮನುಷ್ಯ, ಯಾರಾದರೂ ಪಕ್ಕದಲ್ಲಿ ಹಾದುಹೋದರೆ ಗೋಡೆಗೆ ಒತ್ತಿಕೊಂಡು ನಿಲ್ಲುವ ಹಾಗಾದರು.

ಅಂಗಿಯ ಅಳತೆಗೆ ಅವರು ನಮ್ಮ ಅಂಗಡಿಗೆ ಬಂದರು. ಅಕ್ಕ ಟೇಪು ಮೈಗೆ ತಾಕಿಸದೆ ಗಾಳಿಯಲ್ಲೇ ಹಿಡಿದು ಅಳೆದಳು. ನಾನು ಸುಮ್ಮನಿರಲಾರದೆ ಕೇಳಿದೆ. "ಆದರೂ ಗುರುಶಾಂತಣ್ಣ, ನಿಮ್ಮಣ್ಣನ್ನ ನೋಡಿದ್ರಲ್ಲ?"

"ನೋಡ್ದೆ ತಾಯಿ. ಇಲ್ಲ ಅನ್ನಲ್ಲ. ಆದ್ರೆ ಒಂದು ಹೇಳ್ತೀನಿ. ಮೊದಲು ನಮ್ಮಣ್ಣ ಅಂದ್ರೆ ಅವನ ನಗು ನೆನಪಾಗ್ತಿತ್ತು. ಅಷ್ಟೊಂದು ಇರ್ಲಿಲ್ಲ, ಚೂರೇ ಚೂರು. ಆದ್ರೂ ಬಸ್ಸಲ್ಲಿ ಕೂತ್ಕೊಂಡು ನೆನೆಸ್ಕೊಂಡು ಒಬ್ನೇ ನಗ್ತಿದ್ದೆ. ಈಗ ಅವನ ಹೆಸರು ಎತ್ತಿದ್ರೆ ಪಕ್ಕೆ ನೆನಪಾಗುತ್ತೆ."

ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು. ಅವತ್ತೆಲ್ಲ ಹುಕ್ಕು ಹಾಕುತ್ತಾ ಅಕ್ಕನ ಬೆನ್ನನ್ನೇ ನೋಡುತ್ತಿದ್ದೆ. ಮಿಷನ್ ತುಳಿದು ತುಳಿದು ಬಾಗಿದ ಸಣ್ಣ ಬೆನ್ನು. ಇದರ ಮೇಲೆ ಆ ಉರಿ ಬಂದು ಕೂತರೆ? ಅವಳು ಕೂಗಿಕೊಳ್ಳುತ್ತಿರುವಾಗ ನಾನು ಪಕ್ಕದಲ್ಲಿ ಕೂತು, ಅವ್ವ ಏನಂದಳು, ಇನ್ನೇನಂದಳು ಅಂತ ಕೇಳುತ್ತಿರುತ್ತೇನಾ? ನನ್ನ ಮೇಲೇ ನನಗೆ ಅಸಹ್ಯವಾಯಿತು.

ಮಾರನೇ ದಿನ ಊಟ ಆದ ಮೇಲೆ, "ಅಕ್ಕಾ, ಆಸ್ಪತ್ರೆಗೆ ಹೋಗಿ ಸೂಜಿ ಹಾಕಿಸ್ಕೊಂಡು ಬರೋಣ ನಡಿ," ಅಂದೆ.

"ನೀನು ಹೋಗಿ ಹಾಕಿಸ್ಕೊ. ನನಗೆ ಬೇಡ ಅಂದಿದ್ನಲ್ಲ," ಅಂದಳು, ಮಿಷನ್ ನಿಲ್ಲಿಸದೆ.

"ಗುರುಶಾಂತಣ್ಣನ ಪಾಡು ನೋಡಿದೆಯಲ್ಲ."

"ಈ ಊರಲ್ಲಿ ಯಾರ ಪಾಡು ನಾನು ನೋಡಿಲ್ಲ? ಎಲ್ಲರ ಅಂಗಿ ಹೊಲಿದೋಳು ನಾನು. ಎಲ್ಲ ಗೊತ್ತಿದ್ದೇ ಬೇಡ ಅಂದಿದ್ದು." ಇಷ್ಟು ಹೇಳಿ ಎದ್ದು ಹೋಗಿ, ಟ್ರಂಕಿನ ತಳದಿಂದ ಒಂದು ಬಟ್ಟೆ ತಂದು ನನ್ನ ಮಡಿಲಿಗೆ ಹಾಕಿದಳು. ಮಲ್ಲು ಅನ್ನುವ ತೆಳು ಬಟ್ಟೆಯ ಒಂದು ರವಿಕೆ. ಅವಳದೇ ಅಳತೆ. ಎರಡೂ ಪಕ್ಕ ತೆರೆದಿತ್ತು, ಎರಡೂ ಹೆಗಲಿಗೆ ಲಾಡಿ ಇತ್ತು. "ಯಾವ ಪಕ್ಕಕ್ಕೆ ಬರುತ್ತೋ ಗೊತ್ತಿಲ್ವಲ್ಲ. ಎರಡು ಕಡೆಗೂ ಆಗೋ ಹಂಗೆ ಹೊಲ್ಕೊಂಡಿದ್ದೀನಿ. ಯಾವಾಗ್ಲೋ ಹೊಲಿದಿಟ್ಟದ್ದು," ಅಂದಳು.

ನನಗೆ ಬಂದದ್ದು ಸಿಟ್ಟೋ ದುಃಖವೋ ತಿಳಿಯಲಿಲ್ಲ. "ಯಾಕಕ್ಕಾ? ಈ ವಯಸ್ಸಲ್ಲಿ ಅವ್ವನ್ನ ನೋಡದಿದ್ರೆ ಏನಾಗುತ್ತೆ ನಿನಗೆ?"

"ನನಗೇನೂ ಆಗಲ್ಲ. ನಿನಗೆ ತೋರಿಸೋದಕ್ಕೆ," ಅಂದಳು. ಆಮೇಲೆ ನನ್ನ ಮುಖ ನೋಡದೆ, ಕತ್ತರಿಯನ್ನು ಬಟ್ಟೆಯಿಂದ ಒರೆಸುತ್ತಾ ಹೇಳಿದಳು. "ನನಗೆ ಅವ್ವನ ಮುಖವೇ ನೆನಪಿಲ್ಲ ಕಣೆ. ಯಾವತ್ತೂ ಇರ್ಲಿಲ್ಲ. ನೀನು ಕೇಳ್ತಿದ್ದೆ, ಇಲ್ಲ ಅನ್ನೋಕೆ ಬಾಯಿ ಬರ್ತಿರ್ಲಿಲ್ಲ. ಬಾಯಿಗೆ ಬಂದಿದ್ದೆಲ್ಲ ಹೇಳ್ದೆ. ಹಾಡು, ಸೆರಗು, ಮಚ್ಚೆ ಎಲ್ಲ ಸುಳ್ಳು. ನನ್ನ ಕಣ್ಣು ಮುಚ್ಚೋದ್ರೊಳಗೆ ನಿಜವಾದ ಅವ್ವನ್ನ ನಿನಗೆ ಕೊಟ್ಟು ಹೋಗ್ಬೇಕು. ನಿನ್ನನ್ನ ಏನಂತ ಕರೀತಿದ್ಲು ಅಂತಾದ್ರೂ ಕೇಳಿ ಹೇಳ್ಬೇಕು."

"ಸುಳ್ಳು ಅಂತ ನನಗೆ ಗೊತ್ತು," ಅಂದೆ.

ಅವಳ ಕೈ ನಿಂತಿತು. "ಏನು ಗೊತ್ತು?"

"ಮಚ್ಚೆ ಆ ಕೆನ್ನೆಯಿಂದ ಈ ಕೆನ್ನೆಗೆ ಹಾರಿದಾಗ್ಲೇ ಗೊತ್ತಾಯ್ತು. ನನಗಾಗ ಹತ್ತು ವರ್ಷ ಇರ್ಬೇಕು."

"ಮತ್ತೆ ಇಷ್ಟು ವರ್ಷ ಯಾಕೆ ಕೇಳ್ತಾನೇ ಇದ್ದೆ?"

"ನೀನು ಹೇಳ್ತಿದ್ದೆಯಲ್ಲ, ಅದಕ್ಕೆ."

ಅಕ್ಕ ನಕ್ಕಳು. ನಗುತ್ತಾ ನಗುತ್ತಾ ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡಳು. ಅವಳು ಅತ್ತದ್ದನ್ನು ನಾನು ನೋಡಿದ್ದು ತೀರಾ ಕಡಿಮೆ. ಸ್ವಲ್ಪ ಹೊತ್ತಾದ ಮೇಲೆ ಅವಳ ಎಂದಿನ ಗಟ್ಟಿ ದನಿ ಬಂತು. "ಹಂಗಾದ್ರೆ ನೀನ್ಯಾಕೆ ಅವತ್ತು ಹಾಕಿಸ್ಕೊಳ್ಲಿಲ್ಲ? ನಾನು ಅವ್ವನಿಗೋಸ್ಕರ ಬೇಡ ಅಂದೆ. ನಿನಗೇನು ರೋಗ?"

ಹೇಳಬಾರದು ಅಂದುಕೊಂಡಿದ್ದೆ. ಆದರೆ ಅವಳು ಅಷ್ಟು ಬಿಚ್ಚಿಟ್ಟ ಮೇಲೆ ನಾನು ಮುಚ್ಚಿಡುವುದು ಹೇಗೆ? ನನಗೆ ಸೀತಾಳೆ ಆದಾಗ ಪಕ್ಕದಲ್ಲಿ ಕೂತಿದ್ದವಳು ನೀನಲ್ಲವಾ ಅಂದೆ. ನೀನು ಹೋದ ಮೇಲೆ ನನಗೆ ನೀನು ಬೇಕಲ್ಲ ಅಂದೆ.

ಅಕ್ಕ ನನ್ನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಅಳತೆಪಟ್ಟಿಯಿಂದ ನನ್ನ ತೋಳಿಗೆ ಒಂದು ಬಾರಿಸಿದಳು. "ನಾನು ಬದುಕಿರೋವಾಗ್ಲೇ ನನ್ನ ತಿಥಿ ಮಾಡ್ತಿದ್ದೀಯಲ್ಲೇ! ಹದಿನಾಲ್ಕು ವರ್ಷದ ನನ್ನಲ್ಲಿ ಏನಿತ್ತು ಅಂತ, ಎಣ್ಣೆ ಸುರಿಯೋ ಎರಡು ಜಡೆ, ಮುಂದೆ ಒಂದು ಹುಳುಕು ಹಲ್ಲು."

"ಅದೇ ಬೇಕು," ಅಂದೆ.

ಅವಳು ನನ್ನ ಮಡಿಲಲ್ಲಿದ್ದ ರವಿಕೆ ಎತ್ತಿಕೊಂಡು, ಎರಡೂ ಹೆಗಲಿನ ಲಾಡಿಯನ್ನು ಒಂದೊಂದೇ ಹೊಲಿಗೆ ಬಿಚ್ಚಿ ತೆಗೆದಳು. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, "ಒಳ್ಳೇ ಮೆತ್ತಗಿದೆ, ಗುರುಶಾಂತಣ್ಣನ ಅಂಗಿ ಕಂಕುಳಿಗೆ ಒಳಪಟ್ಟಿ ಆಗುತ್ತೆ," ಅಂದಳು. ಕತ್ತರಿ ಹಾಕಿದಳು. ಅಂಗಿ ಅವತ್ತೇ ಮುಗಿಯಿತು.

ಮರುದಿನ ಬೆಳಿಗ್ಗೆ ಇಬ್ಬರೂ ಹಬ್ಬಕ್ಕೆ ಹೊರಟ ಹಾಗೆ ಒಗೆದ ಸೀರೆ ಉಟ್ಟುಕೊಂಡು ಆಸ್ಪತ್ರೆಗೆ ಹೋದೆವು. ಡಾಕ್ಟರ್ ಮುಮ್ತಾಜ್ ಏನೂ ಕೇಳಲಿಲ್ಲ, ನಮ್ಮ ಮುಖ ನೋಡಿ ತಾವೇ ಸೂಜಿ ಹಿಡಿದು ಬಂದರು. ಅಕ್ಕ ಕತ್ತರಿ ಹಿಡಿಯುವ ಕೈ ಬೇಡ ಅಂತ ಎಡತೋಳು ಕೊಟ್ಟಳು. ಸೂಜಿ ಒಳಗೆ ಹೋಗುವಾಗ ಕಿಟಕಿಯ ಕಡೆ ತಿರುಗಿ ಏನೋ ಪಿಸುಗುಟ್ಟಿದ ಹಾಗೆ ಕಂಡಿತು. ಆಚೆ ಬಂದ ಮೇಲೆ ಏನಂದೆ ಅಂತ ಕೇಳಿದೆ.

"ಅವ್ವಂಗೆ ಹೇಳ್ದೆ, ನೀನು ಬರೋ ತೊಂದ್ರೆ ತಗೋಬೇಡ, ನಾವೇ ಬರ್ತೀವಿ ಅಂತ," ಅಂದಳು. ಆಮೇಲೆ ದಾರಿಯುದ್ದಕ್ಕೂ ನಾನು ಅವಳ ಕೈ ಹಿಡಿದುಕೊಂಡೇ ನಡೆದೆ. ಎಪ್ಪತ್ತು ವರ್ಷ ಬಾಗಿಲಲ್ಲಿ ನಿಂತಿದ್ದವಳನ್ನು ನಾವೇ ವಾಪಸು ಕಳಿಸಿಬಿಟ್ಟೆವಲ್ಲ ಅನ್ನಿಸಿ, ಬೇಲಿಯ ಪಕ್ಕ ಒಂದು ಕ್ಷಣ ನಿಂತು ಅತ್ತೆ. ಅಕ್ಕ ನಿಲ್ಲಲು ಬಿಟ್ಟಳು.

ಅಕ್ಕನಿಗೆ ತೋಳು ನೋವು ಬಿಟ್ಟರೆ ಏನೂ ಆಗಲಿಲ್ಲ, ಕಟ್ಟುಮಸ್ತಿನ ಜೀವ. ನನಗೆ ಇಳಿಹೊತ್ತಿನಲ್ಲಿ ಚಳಿ ಜ್ವರ ಹಿಡಿಯಿತು. ಡಾಕ್ಟರು ಹೇಳಿದ್ದೇ, ಹೆದರುವಂಥದ್ದಲ್ಲ. ಅಕ್ಕ ಅಂಗಡಿಯ ಬಾಗಿಲು ಅರ್ಧ ಎಳೆದು, ನಡುಮನೆಯಲ್ಲಿ ಚಾಪೆ ಹಾಸಿ, ನನ್ನನ್ನು ಮಲಗಿಸಿ ಎರಡು ಕಂಬಳಿ ಹೊದಿಸಿದಳು. ಹಿತ್ತಲಿಗೆ ಹೋಗಿ ಬಂದವಳ ಕೈಯಲ್ಲಿ ಬೇವಿನ ಕಡ್ಡಿ ಇತ್ತು. ಇದಕ್ಕೆಲ್ಲ ಬೇವು ಯಾಕೆ ಅಂತ ಕೇಳೋಣ ಅಂದುಕೊಂಡೆ, ಕೇಳಲಿಲ್ಲ. ಪಕ್ಕದಲ್ಲಿ ಕಾಲು ಚಾಚಿ ಕೂತು, ನೋಯದ ಕೈಯಿಂದ ಮೆಲ್ಲಗೆ ಗಾಳಿ ಹಾಕತೊಡಗಿದಳು. ಕಿಟಕಿಯಿಂದ ಸಂಜೆಯ ಹಳದಿ ಬಿಸಿಲು ಅವಳ ಮಿಷನ್ನಿನ ಮೇಲೆ ಬಿದ್ದಿತ್ತು.

"ಅವ್ವ ಹೆಂಗಿದ್ದಳು ಹೇಳು," ಅಂದೆ.

"ಸುಳ್ಳು ಅಂತ ಗೊತ್ತಿದ್ದೂನೂ?"

"ಹೂಂ."

ಅವಳು ಗಂಟಲು ಸರಿಮಾಡಿಕೊಂಡಳು. "ಕೆನ್ನೆ ಮೇಲೆ ಒಂದು ಮಚ್ಚೆ ಇತ್ತು."

"ಯಾವ ಕೆನ್ನೆ?"

"ನಿನಗೆ ಯಾವುದು ಬೇಕೋ ಆ ಕೆನ್ನೆ. ಸುಮ್ನೆ ಕೇಳು, ಮಧ್ಯೆ ಬಾಯಿ ಹಾಕ್ಬೇಡ." ಗಾಳಿ ಹಾಕುತ್ತಲೇ ಹೇಳಿದಳು. ಬದನೆಕಾಯಿ ಬಣ್ಣದ ಸೀರೆ ಬಂತು, ರಾಗಿ ಬೀಸುವ ಹಾಡು ಬಂತು, ಬಾಯಿಗೆ ಅಡ್ಡ ಹಿಡಿದ ಸೆರಗು ಬಂತು. ನಾನು ನಡುಗುತ್ತಾ ಕೇಳುತ್ತಿದ್ದೆ. ಒಂದೊಂದನ್ನೂ ನಾನು ಬಲ್ಲೆ, ಒಂದೊಂದೂ ನನ್ನವೇ.

"ನನ್ನನ್ನ ಏನಂತ ಕರೀತಿದ್ಲು?"

ಅಕ್ಕ ಗಾಳಿ ಹಾಕುವುದನ್ನು ನಿಲ್ಲಿಸಿ ಯೋಚಿಸಿದಳು. ನನ್ನ ಹಣೆ ಮುಟ್ಟಿ ನೋಡಿ, ಕಂಬಳಿಯನ್ನು ಕತ್ತಿನವರೆಗೆ ಎಳೆದಳು. "ಗುಬ್ಬಿ ಅಂತ," ಅಂದಳು. "ಗುಬ್ಬೀ, ಮಲಕ್ಕೋ, ಅಂತ."

ಅಷ್ಟು ಹೊತ್ತಿಗೆ ಬೀದಿಯಲ್ಲಿ ಗುರುಶಾಂತಣ್ಣನ ಕೆಮ್ಮು ಕೇಳಿಸಿತು. ಹೊಸ ಅಂಗಿ ತೊಟ್ಟು, ಪಕ್ಕೆ ತಾಕದ ಹಾಗೆ ಕೈ ದೂರ ಹಿಡಿದುಕೊಂಡು ಬಂದು, ಅರ್ಧ ತೆರೆದ ಬಾಗಿಲಲ್ಲಿ ಬಗ್ಗಿ ನೋಡಿದರು. ಚಾಪೆ, ಕಂಬಳಿ, ಬೇವಿನ ಕಡ್ಡಿ ನೋಡಿ ಅಭ್ಯಾಸಬಲದಿಂದ ಬಾಯಿಗೆ ಬಂದದ್ದನ್ನೇ ಕೇಳಿದರು.

"ಯಾರಮ್ಮ ಸುಗುಣ, ಯಾರು ಬಂದಿದ್ದಾರೆ?"

"ನಮ್ಮಕ್ಕ ಬಂದಿದ್ದಾಳೆ," ಅಂದೆ.